ಅರ್ಧ ಮುಚ್ಚಿದ ನಾಳ

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದ ಸುತ್ತಮುತ್ತಲಲ್ಲೂ ರಾಜ್ಯದ ಬೇರೆಡೆಯಂತೆ ಮಕ್ಕಳಾಗದಂತೆ ಅಂಡನಾಳ ಕಟ್ಟುವ ‘ಆಪರೇಷನ್’ ಎಂದರೆ ಹೆಂಗಸಿನದೇ. ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಮಾಡಿಸಿಕೊಂಡಿದ್ದಾರೆ ಎನ್ನುತ್ತದೆ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ. ಆಪರೇಷನ್ ಆದ ಎಷ್ಟೋ ವರ್ಷದ ಮೇಲೆ ಹೆಂಗಸೊಬ್ಬಳಿಗೆ ಮುಟ್ಟು ತಪ್ಪಿ, ಕಿಬ್ಬೊಟ್ಟೆಯ ಒಂದು ಪಕ್ಕ ನೋವು ಹಿಡಿದರೆ ಆಕೆಗಾಗಲಿ ಮನೆಯವರಿಗಾಗಲಿ ಬಸಿರಿನ ಅನುಮಾನ ಬರುವುದಿಲ್ಲ. ಬರಬೇಕು.

ಗರ್ಭಕೋಶದ ಎರಡೂ ಪಕ್ಕಕ್ಕಿರುವ ಅಂಡನಾಳಗಳ ಉದ್ದ ಹತ್ತು ಹನ್ನೆರಡು ಸೆಂಟಿಮೀಟರ್. ಬಸಿರು ಮೊದಲಾಗುವುದು ಗರ್ಭಕೋಶದಲ್ಲಲ್ಲ, ಈ ನಾಳದಲ್ಲಿ. ವೀರ್ಯಾಣುವಿನ ತಲೆ ಮಿಲಿಮೀಟರಿನ ಇನ್ನೂರನೇ ಒಂದು ಭಾಗ. ಅದು ಈಜಿಕೊಂಡು ಬರುತ್ತದೆ. ಭ್ರೂಣ ಅದರ ಇಪ್ಪತ್ತು ಪಟ್ಟು ದಪ್ಪ, ಈಜಲೂ ಬಾರದು. ನಾಳದ ಒಳಗೋಡೆಯ ರೋಮಗಳು, ಗಾಳಿಗೆ ರಾಗಿ ಪೈರು ಬಾಗುವಂತೆ, ಒಂದೇ ದಿಕ್ಕಿಗೆ ಬಾಗಿ ಬಾಗಿ ಮೂರು ನಾಲ್ಕು ದಿನದಲ್ಲಿ ಅದನ್ನು ಗರ್ಭಕೋಶಕ್ಕೆ ದಾಟಿಸಬೇಕು.

ಕ್ಲಮಿಡಿಯ, ಗೊನೋರಿಯದಂಥ ಸೋಂಕುಗಳು ಈ ರೋಮಗಳನ್ನು ಸುಟ್ಟುಹಾಕುತ್ತವೆ. ನಮ್ಮ ದೇಶದಲ್ಲಿ ಕ್ಷಯವೂ ರಕ್ತದ ಮೂಲಕ ನಾಳಕ್ಕಿಳಿಯುತ್ತದೆ. ಕೆಮ್ಮೇ ಇಲ್ಲದ ಹೆಂಗಸಿಗೆ ಮಕ್ಕಳಾಗಲಿಲ್ಲವೆಂದು ಪರೀಕ್ಷೆ ಮಾಡಿದಾಗಲೇ ಅದು ಸಿಕ್ಕಿಬೀಳುವುದುಂಟು. ಎರಡೂ ನಾಳ ಪೂರ್ತಿ ಮುಚ್ಚಿದರೆ ಬಂಜೆತನ. ಅರ್ಧ ಮುಚ್ಚಿದರೆ ಅದಕ್ಕಿಂತ ಅಪಾಯ: ವೀರ್ಯಾಣು ನುಸುಳುತ್ತದೆ, ಭ್ರೂಣ ದಾಟಲಾರದೆ ಅಲ್ಲೇ ಬೇರೂರುತ್ತದೆ. ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಲಾರ್ಸ್ ವೆಸ್ಟ್ರಮ್ ದಶಕಗಳ ಕಾಲ ನಾಳದ ಸೋಂಕಿನ ರೋಗಿಗಳ ಜಾಡು ಹಿಡಿದರು. ಒಮ್ಮೆ ಸೋಂಕಾದವರಲ್ಲಿ ಶೇ. 8, ಮೂರು ಅಥವಾ ಹೆಚ್ಚು ಬಾರಿ ಆದವರಲ್ಲಿ ಶೇ. 40 ಮಂದಿಗೆ ನಾಳ ಕೆಟ್ಟು ಮಕ್ಕಳಾಗಲಿಲ್ಲ. ಗಂಡನಿಗೂ ಔಷಧ ಕೊಡದಿದ್ದರೆ ಸೋಂಕು ಮರಳುತ್ತದೆ ಎಂಬುದನ್ನು ‘ಬಂಜೆ’ ಎಂದು ಜರೆಯುವವರು ಕೇಳಿಸಿಕೊಳ್ಳುವುದಿಲ್ಲ.

ಆಪರೇಷನ್ನಿನಲ್ಲಿ ಕಟ್ಟಿದ ನಾಳವೂ ಅಪರೂಪಕ್ಕೆ ಸಣ್ಣ ಕಿಂಡಿ ಬಿಡುತ್ತದೆ. ಅಮೆರಿಕದ ದೊಡ್ಡದೊಂದು ಅಧ್ಯಯನದಲ್ಲಿ ಆಪರೇಷನ್ ನಂತರ ನಿಂತ ಬಸಿರುಗಳಲ್ಲಿ ಮೂರಕ್ಕೆ ಒಂದು ಗರ್ಭಕೋಶದ ಹೊರಗಿತ್ತು.

ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ, ಹೊರಗೆ ಕಾಣುವುದು ಕೆಲವು ಹನಿ. ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗದೆ 108ಕ್ಕೆ ಕರೆ ಮಾಡಬೇಕು. ಮೊದಲೇ ಗೊತ್ತಾದರೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದಿನಲ್ಲೇ ಮುಗಿಯಬಹುದು. ಒಮ್ಮೆ ಹೀಗಾದವರಿಗೆ ಇನ್ನೊಮ್ಮೆ ಆಗುವ ಸಾಧ್ಯತೆ ಶೇ. 10ರಷ್ಟಿದೆ, ಮುಂದಿನ ಬಸಿರಿನಲ್ಲಿ ಅವರು ಮೂರನೇ ತಿಂಗಳವರೆಗೆ ಕಾಯದೆ ಆರನೇ ವಾರಕ್ಕೇ ಸ್ಕ್ಯಾನ್ ಮಾಡಿಸಿಕೊಳ್ಳಬೇಕು.