ಉಳಿದ ಔಷಧಿ ಎಲ್ಲಿಗೆ ಹೋಗಬೇಕು?

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಆದರೂ ರೋಗ ಯಾರನ್ನೂ ಬಿಟ್ಟಿಲ್ಲ. ರೋಗ ಬಂದಾಗ ಔಷಧಿ ತರುತ್ತೇವೆ, ವಾಸಿಯಾದ ಮೇಲೆ ಒಂದಿಷ್ಟು ಉಳಿಯುತ್ತದೆ. ಉಳಿದದ್ದನ್ನು ಏನು ಮಾಡಬೇಕು ಎಂಬುದರ ಬಗ್ಗೆ ಮಾತ್ರ ನಾವು ಹೆಚ್ಚು ಯೋಚಿಸುವುದಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ಈ ಉಳಿಕೆ ಎರಡು ದಾರಿಯಿಂದ ಬರುತ್ತದೆ. ಇಲ್ಲಿನ ಜಿ.ಪಿ. ಬರೆದುಕೊಟ್ಟು ಫಾರ್ಮಸಿಯಿಂದ ತಂದದ್ದು ಒಂದು. ಊರಿನಿಂದ ಸೂಟ್‌ಕೇಸಿನಲ್ಲಿ ಬಂದದ್ದು ಇನ್ನೊಂದು. ಮಕ್ಕಳು, ಮೊಮ್ಮಕ್ಕಳ ಜೊತೆ ಆರು ತಿಂಗಳು ಇರಲೆಂದು ಬರುವ ಅಪ್ಪ ಅಮ್ಮ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು ಎಂದು ಚೀಲದ ತುಂಬ ಮಾತ್ರೆ ತರುತ್ತಾರೆ. ಹಿಂತಿರುಗುವಾಗ ಮಿಕ್ಕ ಸ್ಟ್ರಿಪ್‌ಗಳನ್ನು "ಇರಲಿ, ಯಾವತ್ತಾದರೂ ಬೇಕಾದೀತು" ಎಂದು ಇಲ್ಲೇ ಬಿಟ್ಟು ಹೋಗುತ್ತಾರೆ. ವಸ್ತುವನ್ನು ಎಸೆಯಲು ಮನಸ್ಸು ಬಾರದಿರುವುದು ಒಳ್ಳೆಯ ಗುಣವೇ. ಆದರೆ ಔಷಧಿಯ ವಿಷಯದಲ್ಲಿ ಆ ಗುಣ ಅಪಾಯಕ್ಕೆ ದಾರಿಯಾಗುತ್ತದೆ.

ನಾವು ಹೇಳಹೊರಟಿರುವುದು ಇಷ್ಟೇ: ಬೇಡವಾದ ಔಷಧಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಕಸದ ಡಬ್ಬಿಗೆ ಹಾಕಬೇಡಿ, ಸಿಂಕಿಗೆ ಸುರಿಯಬೇಡಿ. ಹತ್ತಿರದ ಫಾರ್ಮಸಿಗೆ ಕೊಟ್ಟುಬಿಡಿ. ಇದಕ್ಕೆ ಕಾರಣಗಳನ್ನೂ ವಿಧಾನವನ್ನೂ ಕೆಳಗೆ ವಿವರಿಸಿದ್ದೇವೆ.

ಮನೆಯಲ್ಲಿದ್ದರೆ ಏನು ತೊಂದರೆ?

ಮೊದಲನೆಯದು ಪುಟ್ಟ ಮಕ್ಕಳು. ಬಣ್ಣ ಬಣ್ಣದ ಮಾತ್ರೆಗೂ ಪೆಪ್ಪರ್‌ಮಿಂಟಿಗೂ ಎರಡು ವರ್ಷದ ಮಗುವಿಗೆ ವ್ಯತ್ಯಾಸ ತಿಳಿಯದು. ದೊಡ್ಡವರಿಗೆ ದಿನನಿತ್ಯದ ಮಾತ್ರೆಯಾಗಿರುವುದು ಮಗುವಿಗೆ ವಿಷವಾಗಬಹುದು. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಜಾತಿಯ ಒಂದೆರಡು ಮಾತ್ರೆ ನುಂಗಿದರೂ ಮಗುವಿನ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು. ಗರ್ಭಿಣಿಯರು ತೆಗೆದುಕೊಳ್ಳುವ ಕಬ್ಬಿಣಾಂಶದ ಮಾತ್ರೆಗಳೂ ಮಕ್ಕಳಿಗೆ ಬಹಳ ಅಪಾಯಕಾರಿ.

ಎರಡನೆಯದು ಹೆಸರಿನ ಗೊಂದಲ. ಇದು ಎರಡು ದೇಶಗಳ ಔಷಧಿ ಒಂದೇ ಡ್ರಾಯರಿನಲ್ಲಿರುವ ನಮ್ಮಂಥವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಕ್ಯಾಲ್ಪಾಲ್ ಎಂದರೆ ಇಲ್ಲಿ ಮಕ್ಕಳಿಗೆ ಕೊಡುವ ಸಿರಪ್. ಭಾರತದಲ್ಲಿ ಅದೇ ಹೆಸರಿನಲ್ಲಿ ದೊಡ್ಡವರ ಮಾತ್ರೆ ಸಿಗುತ್ತದೆ. ಬೆಂಗಳೂರಿನ ಕಂಪನಿಯೊಂದು ತಯಾರಿಸುವ ಡೋಲೊ 650 ನಮ್ಮೆಲ್ಲರಿಗೂ ಪರಿಚಿತ. ಕ್ಯಾಲ್ಪಾಲ್, ಡೋಲೊ, ಕ್ರೋಸಿನ್ ಎಲ್ಲದರಲ್ಲೂ ಇರುವುದು ಪ್ಯಾರಾಸಿಟಮಾಲ್. ಶೀತವಾದಾಗ ಬಿಸಿನೀರಿನಲ್ಲಿ ಕಲಸಿ ಕುಡಿಯುವ ಇಲ್ಲಿನ ಲೆಮ್‌ಸಿಪ್‌ನಲ್ಲಿಯೂ ಅದೇ ಇದೆ. ಇಲ್ಲಿನ ಸಾಮಾನ್ಯ ಮಾತ್ರೆ 500 ಮಿಲಿಗ್ರಾಂನದು. ದೊಡ್ಡವರು 24 ಗಂಟೆಗಳಲ್ಲಿ ಎಂಟಕ್ಕಿಂತ ಹೆಚ್ಚು, ಅಂದರೆ 4,000 ಮಿಲಿಗ್ರಾಂಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬುದು ನಿಯಮ. ಪೊಟ್ಟಣದ ಮೇಲಿನ ಈ ಎಂಟರ ಲೆಕ್ಕವನ್ನು 650ರ ಮಾತ್ರೆಗೆ ಹಚ್ಚಿದರೆ 5,200 ಮಿಲಿಗ್ರಾಂ ಆಗುತ್ತದೆ. ಮಿತಿಮೀರಿದ ಪ್ಯಾರಾಸಿಟಮಾಲ್ ಯಕೃತ್ತನ್ನು ಹಾಳುಮಾಡುತ್ತದೆ. ಮೊದಲ ದಿನ ಹೊರಗೆ ಏನೂ ಕಾಣದೆಯೂ ಇರಬಹುದು.

ಇದೇ ಕಾರಣಕ್ಕೆ ಬ್ರಿಟನ್ನಿನಲ್ಲಿ 1998ರಲ್ಲಿ ಒಂದು ನಿಯಮ ಬಂತು. ಸಾಮಾನ್ಯ ಅಂಗಡಿಯಲ್ಲಿ ಮಾರುವ ಪ್ಯಾರಾಸಿಟಮಾಲ್ ಪೊಟ್ಟಣದಲ್ಲಿ 16 ಮಾತ್ರೆ, ಫಾರ್ಮಸಿಯ ಪೊಟ್ಟಣದಲ್ಲಿ 32 ಮಾತ್ರೆಗಿಂತ ಹೆಚ್ಚು ಇರಬಾರದು ಎಂದು ಮಿತಿ ಹಾಕಲಾಯಿತು. ಮನೆಯಲ್ಲಿ ದೊಡ್ಡ ಸಂಗ್ರಹ ಇಲ್ಲದಿದ್ದರೆ, ದುಃಖದ ಗಳಿಗೆಯಲ್ಲಿ ಯಾರೂ ಅತಿಯಾಗಿ ನುಂಗುವ ಸಂಭವ ಕಡಿಮೆಯಾಗುತ್ತದೆ ಎಂಬುದು ಇದರ ಹಿಂದಿನ ಆಲೋಚನೆ. ಆಮೇಲಿನ ವರ್ಷಗಳ ಅಧ್ಯಯನಗಳಲ್ಲಿ ಪ್ಯಾರಾಸಿಟಮಾಲ್‌ನಿಂದಾದ ಸಾವುಗಳು ಕಡಿಮೆಯಾದದ್ದು ಕಂಡುಬಂತು. ಸರ್ಕಾರ ಅಂಗಡಿಯಲ್ಲಿ ಹಾಕಿದ ಮಿತಿಯನ್ನು ನಾವು ಸೂಟ್‌ಕೇಸಿನ ಮೂಲಕ ಮೀರುತ್ತಿದ್ದೇವೆಯೇ ಎಂದು ಪ್ರತಿ ಮನೆಯೂ ಕೇಳಿಕೊಳ್ಳಬೇಕು. ಹದಿಹರೆಯದ ಮಕ್ಕಳಿರುವ ಮನೆಗಳಂತೂ ಕೇಳಿಕೊಳ್ಳಲೇಬೇಕು.

ಮೂರನೆಯದು ಉಳಿದ ಆಂಟಿಬಯಾಟಿಕ್. ಗಂಟಲು ನೋವು ಎಂದೊಡನೆ ಕಳೆದ ಬಾರಿಯ ಅರ್ಧ ಸ್ಟ್ರಿಪ್ ಹೊರಗೆ ಬರುತ್ತದೆ. ಪಕ್ಕದ ಮನೆಯ ಸ್ನೇಹಿತರಿಗೂ ಎರಡು ಮಾತ್ರೆ ಹೋಗುತ್ತವೆ. ಬಹಳಷ್ಟು ಶೀತ, ಗಂಟಲು ನೋವು ವೈರಸ್‌ನಿಂದ ಬರುವಂಥವು; ಅವಕ್ಕೆ ಆಂಟಿಬಯಾಟಿಕ್ ಕೆಲಸವನ್ನೇ ಮಾಡುವುದಿಲ್ಲ. ಬ್ಯಾಕ್ಟೀರಿಯಾದಿಂದ ಬಂದ ಕಾಯಿಲೆಯಾಗಿದ್ದರೂ ನಾಲ್ಕು ಮಾತ್ರೆ ಸಾಲದು. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣ ಮಾಡುವಾಗಲೇ ಈ ಎಚ್ಚರಿಕೆ ಕೊಟ್ಟಿದ್ದರು: ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡರೆ ರೋಗಾಣುಗಳು ಸಾಯದೆ, ಔಷಧಿಯನ್ನು ಎದುರಿಸುವ ಶಕ್ತಿ ಪಡೆಯುತ್ತವೆ. ಹಾಗೆ ಬಲಿತ ರೋಗಾಣು ಮನೆಯ ಇನ್ನೊಬ್ಬರಿಗೂ ಹರಡಬಹುದು.

ಸಿಂಕ್, ಶೌಚಾಲಯ, ಕಸದ ಡಬ್ಬಿ ಏಕೆ ಬೇಡ?

ಸಿರಪ್ಪನ್ನು ಸಿಂಕಿಗೆ ಸುರಿದರೆ ಕಣ್ಣಿಗೆ ಕಾಣದಂತೆ ಹೋಗುತ್ತದೆ, ನಿಜ. ಆದರೆ ಇಲ್ಲವಾಗುವುದಿಲ್ಲ. ಚರಂಡಿ ನೀರನ್ನು ಶುದ್ಧಿ ಮಾಡುವ ಘಟಕಗಳನ್ನು ಮುಖ್ಯವಾಗಿ ಮಲಮೂತ್ರದ ಕೊಳೆ ತೆಗೆಯಲು ಕಟ್ಟಲಾಗಿದೆ. ಔಷಧಿಯ ಅಂಶಗಳನ್ನೆಲ್ಲ ತೆಗೆಯಲು ಅಲ್ಲ. 2022ರಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಪ್ರಕಟವಾದ ಅಧ್ಯಯನವೊಂದು 104 ದೇಶಗಳ 258 ನದಿಗಳ ನೀರನ್ನು ಪರೀಕ್ಷಿಸಿತು. ಅತಿ ಹೆಚ್ಚು ಕಡೆ ಸಿಕ್ಕ ವಸ್ತುಗಳಲ್ಲಿ ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಒಂದು; ನಮ್ಮವರಲ್ಲಿ ಅನೇಕರು ದಿನವೂ ನುಂಗುವ ಮೆಟ್‌ಫಾರ್ಮಿನ್ ಇನ್ನೊಂದು. ಇದರಲ್ಲಿ ದೊಡ್ಡ ಪಾಲು ನಮ್ಮ ದೇಹದ ಮೂಲಕವೇ ಹೊರಹೋಗುವಂಥದ್ದು, ಅದನ್ನು ತಡೆಯಲಾಗದು. ಆದರೆ ನುಂಗದ ಮಾತ್ರೆಯನ್ನೂ ನೀರಿಗೆ ಸೇರಿಸುವುದನ್ನು ನಾವು ಖಂಡಿತ ತಡೆಯಬಹುದು.

ಕಸದ ಡಬ್ಬಿಗೆ ಹಾಕಿದ ಮಾತ್ರೆ ಮಕ್ಕಳ ಕೈಗೆ, ಸಾಕುಪ್ರಾಣಿಗಳ ಬಾಯಿಗೆ ಸಿಗಬಹುದು. ಔಷಧಿಯ ಲೇಬಲ್ಲಿನ ಮೇಲೆ ನಿಮ್ಮ ಹೆಸರೂ ಇರುತ್ತದೆ ಎಂಬುದನ್ನು ಮರೆಯಬಾರದು.

ಫಾರ್ಮಸಿಯಲ್ಲಿ ಏನಾಗುತ್ತದೆ?

ಎನ್.ಎಚ್.ಎಸ್.ಗೆ ಸೇವೆ ಸಲ್ಲಿಸುವ ಫಾರ್ಮಸಿಗಳು ಮನೆಗಳಿಂದ ಬಂದ ಬೇಡವಾದ ಔಷಧಿಯನ್ನು ಸ್ವೀಕರಿಸಬೇಕು ಎಂಬುದು ಇಂಗ್ಲೆಂಡಿನಲ್ಲಿ 2005ರ ಒಪ್ಪಂದದಿಂದ ಅವುಗಳ ಕಡ್ಡಾಯ ಕರ್ತವ್ಯಗಳಲ್ಲಿ ಒಂದಾಗಿದೆ. ಇದಕ್ಕೆ ಶುಲ್ಕವಿಲ್ಲ. ನೀವು ಔಷಧಿ ಕೊಂಡ ಫಾರ್ಮಸಿಯೇ ಆಗಬೇಕೆಂದಿಲ್ಲ. ಅವಧಿ ಮುಗಿದಿರಲಿ, ಮುಗಿಯದಿರಲಿ, ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ಅವರ ಮಂಚದ ಪಕ್ಕದಲ್ಲಿ ಉಳಿದ ಔಷಧಿಯನ್ನು ಬಂಧುಗಳು ತಂದುಕೊಡುವುದೂ ಅವರಿಗೆ ಹೊಸದಲ್ಲ, ಸಂಕೋಚ ಬೇಡ.

ಹೀಗೆ ಬಂದ ಔಷಧಿಯನ್ನು ಬೇರೆ ದಾಸ್ತಾನಿನ ಜೊತೆ ಬೆರೆಯದಂತೆ ವಿಶೇಷ ಡಬ್ಬಿಗಳಲ್ಲಿ ತುಂಬಿಡುತ್ತಾರೆ. ಮಾರ್ಫಿನ್, ಫೆಂಟನಿಲ್ ಪ್ಯಾಚ್‌ನಂಥ ನಿಯಂತ್ರಿತ ಔಷಧಿಗಳನ್ನು ಯಾರೂ ಮತ್ತೆ ಬಳಸಲಾಗದಂತೆ ಮೊದಲು ಕೆಡಿಸುತ್ತಾರೆ. ನಂತರ ಗುತ್ತಿಗೆದಾರರು ಒಯ್ದು ಅತಿ ಹೆಚ್ಚು ಉಷ್ಣತೆಯ ಕುಲುಮೆಯಲ್ಲಿ ಸುಡುತ್ತಾರೆ. ಅಲ್ಲಿಗೆ ಅದರ ಕಥೆ ಮುಗಿಯುತ್ತದೆ.

"ಅಯ್ಯೋ, ಒಡೆಯದ ಪೊಟ್ಟಣವನ್ನೂ ಸುಡುತ್ತಾರೆಯೇ? ಬಡವರಿಗಾದರೂ ಕೊಡಬಾರದೇ?" ಎಂದು ಕೆಲವರು ಕೇಳಬಹುದು. ಕೊಡುವಂತಿಲ್ಲ. ಒಮ್ಮೆ ಫಾರ್ಮಸಿಯ ಬಾಗಿಲು ದಾಟಿದ ಔಷಧಿ ಬಿಸಿಲಿನಲ್ಲಿತ್ತೋ, ತೇವದಲ್ಲಿತ್ತೋ, ಯಾರ ಕೈಯಲ್ಲಿತ್ತೋ ಎಂದು ಯಾರೂ ಭರವಸೆ ಕೊಡಲಾರರು. ರೋಗಿಗಳು ಹಿಂತಿರುಗಿಸಿದ ಔಷಧಿಯನ್ನು ದಾನ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1996ರಿಂದಲೂ ತನ್ನ ಮಾರ್ಗಸೂಚಿಯಲ್ಲಿ ಹೇಳುತ್ತ ಬಂದಿದೆ. ನಮಗೆ ಬೇಡವಾದದ್ದು ಬಡವರಿಗೆ ಸಾಕು ಎಂಬುದು ಔಷಧಿಯ ವಿಷಯದಲ್ಲಿ ದಾನವಲ್ಲ. ಊರಿಗೆ ಹೋಗುವಾಗ ಹಳೆಯ ಮಾತ್ರೆ ಒಯ್ದು ಹಂಚುವ ಯೋಚನೆಯನ್ನೂ ಬಿಡೋಣ.

ಕೊಡುವ ಕ್ರಮ

1. ಮನೆಯಲ್ಲಿರುವ ಎಲ್ಲ ಔಷಧಿಯನ್ನು ಒಂದು ಕಡೆ ತನ್ನಿ. ಕೈಚೀಲ, ಕಾರು, ಪ್ರಯಾಣದ ಪೆಟ್ಟಿಗೆ, ಫ್ರಿಜ್ಜಿನ ಬಾಗಿಲು, ಸ್ನಾನದ ಮನೆಯ ಕಪಾಟು ನೋಡಲು ಮರೆಯಬೇಡಿ.

2. ದಿನಾಂಕ ಓದಿ. ಎಕ್ಸ್‌ಪೈರಿ ಜೂನ್ ಎಂದಿದ್ದರೆ ಜೂನ್ ಕೊನೆಯ ದಿನದವರೆಗೆ ಬಳಸಬಹುದು. ಯೂಸ್ ಬೈ ಜೂನ್ ಎಂದಿದ್ದರೆ ಸಾಮಾನ್ಯವಾಗಿ ಮೇ ತಿಂಗಳ ಕೊನೆಯೊಳಗೆ ಮುಗಿಸಬೇಕು ಎಂದರ್ಥ. ಕಣ್ಣಿನ ಹನಿಗಳ ಬಾಟಲಿಯನ್ನು ಸಾಮಾನ್ಯವಾಗಿ ತೆರೆದ ನಾಲ್ಕು ವಾರಗಳ ನಂತರ ಬಳಸಬಾರದು. ಮುಚ್ಚಳದ ದಿನಾಂಕ ಮುಂದಿದ್ದರೂ ಸರಿಯೇ.

3. ಹೆಸರು ಅಳಿಸಿಹೋದದ್ದು, ಯಾವುದಕ್ಕೆಂದು ನೆನಪಿಲ್ಲದ್ದು, ಕತ್ತರಿಸಿದ ಸ್ಟ್ರಿಪ್ಪಿನಲ್ಲಿರುವುದು, ಇವೆಲ್ಲ ಕೊಡುವ ಚೀಲಕ್ಕೆ ಸೇರಲಿ. ಈಗ ತೆಗೆದುಕೊಳ್ಳುತ್ತಿರುವ ಔಷಧಿಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

4. ರಟ್ಟಿನ ಪೆಟ್ಟಿಗೆ, ಒಳಗಿನ ಕಾಗದವನ್ನು ಮರುಬಳಕೆಯ ಡಬ್ಬಿಗೆ ಹಾಕಿ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಬೇಡಿ, ಸಿರಪ್ಪನ್ನು ಬಾಟಲಿಯಿಂದ ಸುರಿಯಬೇಡಿ. ಲೇಬಲ್ಲಿನಲ್ಲಿರುವ ಹೆಸರು, ವಿಳಾಸವನ್ನು ಕಪ್ಪು ಪೆನ್ನಿನಿಂದ ಹೊಡೆದು ಹಾಕಿ. ಔಷಧಿಯ ಹೆಸರು ಕಾಣುವಂತಿರಲಿ.

5. ಆಸ್ತಮಾದ ಇನ್‌ಹೇಲರ್‌ಗಳನ್ನೂ ಕೊಡಿ. ಒತ್ತಿ ಸಿಂಪಡಿಸುವ ಇನ್‌ಹೇಲರಿನಲ್ಲಿರುವ ಅನಿಲ ವಾತಾವರಣವನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲವಾಗಿರಬಹುದು. ಖಾಲಿಯಾಯಿತೆಂದುಕೊಂಡ ಡಬ್ಬಿಯಲ್ಲೂ ಅದು ಸ್ವಲ್ಪ ಉಳಿದಿರುತ್ತದೆ.

6. ಇನ್ಸುಲಿನ್ ಸೂಜಿ, ಸಿರಿಂಜು, ರಕ್ತ ಪರೀಕ್ಷೆಯ ಚುಚ್ಚುಮೊನೆಗಳನ್ನು ಈ ಚೀಲದಲ್ಲಿ ಹಾಕಲೇಬೇಡಿ. ಅವುಗಳಿಗೆ ಹಳದಿ ಬಣ್ಣದ ಗಟ್ಟಿ ಡಬ್ಬಿ ಇದೆ, ಜಿ.ಪಿ. ಅಥವಾ ಕೌನ್ಸಿಲನ್ನು ವಿಚಾರಿಸಿ.

7. ಚೀಲವನ್ನು ಕೌಂಟರಿನ ಮೇಲೆ ಇಟ್ಟು ಬಂದುಬಿಡಬೇಡಿ. ಸಿಬ್ಬಂದಿಯ ಕೈಗೆ ಕೊಡಿ. ಬಲವಾದ ನೋವುನಿವಾರಕ, ಕ್ಯಾನ್ಸರ್ ಔಷಧಿ ಅಥವಾ ಮೆಥೊಟ್ರೆಕ್ಸೇಟ್ ಇದ್ದರೆ ತಿಳಿಸಿ. ಭಾರತದಲ್ಲಿ ಕೊಂಡದ್ದಾದರೆ ಅದನ್ನೂ ಹೇಳಿ.

ಉಳಿಯದಂತೆ ನೋಡಿಕೊಳ್ಳುವುದು ಇನ್ನೂ ಉತ್ತಮ

ಸುಡುವುದಕ್ಕಾಗಿ ಔಷಧಿ ತರುವುದರಲ್ಲಿ ಅರ್ಥವಿಲ್ಲ. ಇಂಗ್ಲೆಂಡಿನಲ್ಲಿ ಎನ್.ಎಚ್.ಎಸ್. ಕೊಟ್ಟ ಔಷಧಿಯಲ್ಲಿ ವರ್ಷಕ್ಕೆ ಸುಮಾರು 30 ಕೋಟಿ ಪೌಂಡ್ ಮೌಲ್ಯದ್ದು ವ್ಯರ್ಥವಾಗುತ್ತಿದೆ ಎಂದು 2010ರ ವರದಿಯೊಂದು ಅಂದಾಜು ಮಾಡಿತ್ತು. ಅದರಲ್ಲಿ 11 ಕೋಟಿ ಪೌಂಡ್‌ನಷ್ಟು ಫಾರ್ಮಸಿಗಳಿಗೆ ಹಿಂತಿರುಗಿ ಬಂದದ್ದು. 9 ಕೋಟಿ ಪೌಂಡ್‌ನಷ್ಟು ಮನೆಗಳಲ್ಲಿ ಸುಮ್ಮನೆ ಬಿದ್ದಿದ್ದದ್ದು. ಆದ್ದರಿಂದ ರಿಪೀಟ್ ಪ್ರಿಸ್ಕ್ರಿಪ್ಷನ್ ಕೇಳುವ ಮೊದಲು ಮನೆಯಲ್ಲಿ ಎಷ್ಟಿದೆ ಎಂದು ಎಣಿಸಿ. ಬೇಡವಾದದ್ದನ್ನು ಪಟ್ಟಿಯಿಂದ ತೆಗೆಸಿ. ಮುಚ್ಚಿದ ಚೀಲವನ್ನು ಫಾರ್ಮಸಿಯಲ್ಲೇ ತೆರೆದು ನೋಡಿ, ಬೇಡದ್ದನ್ನು ಹೊರಗೆ ಒಯ್ಯುವ ಮೊದಲೇ ಹೇಳಿ. ಊರಿನಿಂದ ಬರುವ ಹಿರಿಯರಿಗೆ ಇರುವ ದಿನಗಳ ಲೆಕ್ಕಕ್ಕೆ, ಮೇಲೆ ಸ್ವಲ್ಪ ಸೇರಿಸಿ, ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಡನೆ ತರಲು ಹೇಳಿ. ನಮಗಾಗಿ ಆಂಟಿಬಯಾಟಿಕ್ ತರಿಸಿಕೊಳ್ಳುವ ಪದ್ಧತಿಯನ್ನು ನಿಲ್ಲಿಸೋಣ.

ಯಾರಾದರೂ ತಪ್ಪಾಗಿ ಔಷಧಿ ನುಂಗಿದರೆ ಲಕ್ಷಣಕ್ಕಾಗಿ ಕಾಯಬೇಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 111ಕ್ಕೆ ಕರೆಮಾಡಿ, ಎಚ್ಚರ ತಪ್ಪಿದ್ದರೆ, ಉಸಿರಾಟಕ್ಕೆ ತೊಂದರೆಯಿದ್ದರೆ 999. ನುಂಗಿದ ಔಷಧಿಯ ಪೊಟ್ಟಣ ಕೈಯಲ್ಲಿರಲಿ.

ಈ ಸಂಚಿಕೆ ನಿಮ್ಮ ಮನೆ ಸೇರಿದ ವಾರವೇ ಒಂದು ಸಂಜೆ ಇದಕ್ಕೆ ಕೊಡಿ ಎಂದು ಪೋಷಕರಲ್ಲಿ ನಮ್ಮ ವಿನಂತಿ. ಔಷಧಿಯನ್ನು ದೊಡ್ಡವರು ಮುಟ್ಟಲಿ. ದಿನಾಂಕ ಓದಿ ಹಾಳೆಯ ಮೇಲೆ ಬರೆಯುವ ಕೆಲಸ ದೊಡ್ಡ ಮಕ್ಕಳಿಗಿರಲಿ. ಕನ್ನಡ ತರಗತಿಯಲ್ಲಿ ಕಲಿತ ಅಕ್ಷರದಲ್ಲಿ "ಇಡುವುದು", "ಕೊಡುವುದು" ಎಂದು ಎರಡು ಪಟ್ಟಿ ಮಾಡಲಿ. ಎರಡನೆಯ ಪಟ್ಟಿಯಲ್ಲಿ ಇರುವುದೆಲ್ಲ ಮುಂದಿನ ಬಾರಿ ಸಾಮಾನು ತರಲು ಹೊರಟಾಗ ಫಾರ್ಮಸಿಗೆ ಹೋಗಲಿ.