ಚಾಚಿದ ಕೈ ಮತ್ತು ಚಾಚಬೇಕಾದ ಕೈ



ಇಲೆಕ್ಟ್ರಾನಿಕ್ ಸಿಟಿಯ ಕಂಪೆನಿಯೊಂದರಲ್ಲಿ ನಿಮ್ಮ ಮಗಳಿಗೆ ಸಂದರ್ಶನವಿದೆ ಎಂದಿಟ್ಟುಕೊಳ್ಳಿ. ಪ್ರಶ್ನೆಗಳಿಗೆಲ್ಲ ಸಿದ್ಧಳಾಗಿದ್ದಾಳೆ. ಆದರೆ ಒಳಹೋದೊಡನೆ ಅಧಿಕಾರಿ ಕೈ ಚಾಚಿದರೆ? ಪೀಣ್ಯದ ಕಾರ್ಖಾನೆಯ ಕಚೇರಿಯಾಗಲಿ, ವೈಟ್‌ಫೀಲ್ಡಿನ ಗಾಜಿನ ಕಟ್ಟಡವಾಗಲಿ, ಹೊರಗೆ ದುಡಿಯಲು ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಇದೊಂದು ನಿಜವಾದ ಚಿಂತೆ.

ಹಸ್ತಲಾಘವ ಪಾಶ್ಚಾತ್ಯರಿಂದ ಬಂದದ್ದೆಂದು ಹಲವರು ಭಾವಿಸಿದ್ದಾರೆ. ನಮ್ಮಲ್ಲಿ ಅದಕ್ಕೆ ಮುಸಾಫಹಾ ಎಂಬ ಹೆಸರಿದೆ. ಇಬ್ಬರು ಮುಸ್ಲಿಮರು ಭೇಟಿಯಾಗಿ ಕೈಹಿಡಿದರೆ ಅವರು ಅಗಲುವ ಮೊದಲೇ ಅವರ ಪಾಪಗಳು ಕ್ಷಮಿಸಲ್ಪಡುತ್ತವೆಂದು ಪ್ರವಾದಿ(ಸ) ತಿಳಿಸಿದ್ದಾರೆ. ತಬೂಕ್ ಯುದ್ಧಕ್ಕೆ ಹೋಗದೆ ಉಳಿದ ಕಅಬ್ ಬಿನ್ ಮಾಲಿಕ್(ರ)ರೊಂದಿಗೆ 50 ದಿನ ಜನರು ಮಾತು ಬಿಟ್ಟಿದ್ದರು. ಅವರ ಪಶ್ಚಾತ್ತಾಪ ಸ್ವೀಕೃತವಾದ ದಿನ ತಲ್ಹಾ(ರ) ಎದ್ದು ಓಡಿಬಂದು ಅವರ ಕೈಹಿಡಿದು ಅಭಿನಂದಿಸಿದರು. ಆ ಒಂದು ಹಸ್ತಲಾಘವವನ್ನು ಕಅಬ್(ರ) ಎಂದೂ ಮರೆಯಲಿಲ್ಲ.

ಆದರೆ ಪ್ರವಾದಿ(ಸ) ಮಹಿಳೆಯರಿಂದ ಪ್ರತಿಜ್ಞೆ ಪಡೆದದ್ದು ಮಾತಿನಲ್ಲಿ ಮಾತ್ರ, ಅವರ ಕೈ ಪರಸ್ತ್ರೀಯ ಕೈಯನ್ನು ಮುಟ್ಟಲಿಲ್ಲವೆಂದು ಹ. ಆಯಿಶಾ(ರ) ಹೇಳಿರುವುದು ಬುಖಾರಿಯಲ್ಲಿದೆ. ಇದರಿಂದ ಆ ಮಹಿಳೆಯರ ಗೌರವವೇನೂ ಕುಂದಲಿಲ್ಲ.

ಆದ್ದರಿಂದ ಮಗಳಿಗೆ ಹೀಗೆ ಹೇಳಿಕೊಡಿ. ಎದುರಿನವರು ಕೈ ಚಾಚುವವರೆಗೆ ಕಾಯಬಾರದು. ಬಲಗೈಯನ್ನು ಎದೆಗಿಟ್ಟು, ನಗುಮುಖದಿಂದ ತಾನೇ ಮೊದಲು ವಂದಿಸಬೇಕು. ಕೈ ಬಂದೇಬಿಟ್ಟರೆ, "ಕ್ಷಮಿಸಿ ಸರ್, ನಾನು ಹೀಗೆ ವಂದಿಸುತ್ತೇನೆ" ಎಂದರೆ ಸಾಕು. ಮುಖ ತಿರುಗಿಸಿ ಕೈ ಅಡಗಿಸಿದರೆ ಅದು ಅವಮಾನವೆನಿಸುತ್ತದೆ. ಅಧಿಕಾರಿ ಮಹಿಳೆಯಾಗಿದ್ದರೆ ಸಂಕೋಚವಿಲ್ಲದೆ ಕೈಕುಲುಕಲಿ. 2020ರಲ್ಲಿ ಕೊರೋನಾ ಬಂದಾಗ ಜಗತ್ತೇ ಕೈಕುಲುಕುವುದನ್ನು ನಿಲ್ಲಿಸಿತ್ತು. ಅದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ.

ಈ ಪ್ರಶ್ನೆ ಬೆಂಗಳೂರಿನದು ಮಾತ್ರವಲ್ಲ. ಸ್ವೀಡನ್ನಿನಲ್ಲಿ ಮುಸ್ಲಿಮ್ ಯುವತಿಯೊಬ್ಬಳು ಹೀಗೆಯೇ ಎದೆಗೆ ಕೈಯಿಟ್ಟು ವಂದಿಸಿದಾಗ ಸಂದರ್ಶನವನ್ನು ಅಲ್ಲಿಗೇ ನಿಲ್ಲಿಸಲಾಯಿತು. 2018ರಲ್ಲಿ ಅಲ್ಲಿನ ಕಾರ್ಮಿಕ ನ್ಯಾಯಾಲಯವು ಇದು ತಾರತಮ್ಯವೆಂದು ತೀರ್ಪು ನೀಡಿ, ಆಕೆಗೆ 40,000 ಕ್ರೋನಾ ಪರಿಹಾರ ಕೊಡಿಸಿತು.

ಇನ್ನೊಂದು ಮಾತು. ಕೈ ಕೊಡಬಾರದಲ್ಲಿ ಎಚ್ಚರ ವಹಿಸುವ ನಾವು, ಕೊಡಬೇಕಾದಲ್ಲಿ ಕೊಡುತ್ತಿದ್ದೇವೆಯೇ? ಮಾತುಬಿಟ್ಟ ಓರಗಿತ್ತಿಗೆ, ಮುನಿಸಿಕೊಂಡ ನಾದಿನಿಗೆ, ಗಾರ್ಮೆಂಟ್ಸ್ ಪಾಳಿ ಮುಗಿಸಿ ದಣಿದು ಬರುವ ಪಕ್ಕದ ಮನೆಯ ಹೆಣ್ಣುಮಗಳಿಗೆ, ನಮ್ಮ ಮನೆಯ ಪಾತ್ರೆ ತೊಳೆಯುವಾಕೆಗೆ ನಾವು ಕೊನೆಯ ಬಾರಿ ಕೈ ನೀಡಿದ್ದು ಯಾವಾಗ? ಎದುರಿನವರು ಬಿಡುವವರೆಗೆ ಪ್ರವಾದಿ(ಸ) ತಮ್ಮ ಕೈಯನ್ನು ಹಿಂತೆಗೆಯುತ್ತಿರಲಿಲ್ಲ.

ಸಹೋದರಿಯರೇ, ಮಗಳು ಸಂದರ್ಶನದ ಕೋಣೆಯಲ್ಲಿ ತೋರುವ ಧೈರ್ಯವನ್ನು ನಾವು ಓರಗಿತ್ತಿಯ ಹೊಸ್ತಿಲಲ್ಲಿ ತೋರೋಣ. ಮೊದಲು ಸಲಾಮ್ ಹೇಳುವವರು ನಾವಾಗೋಣ.