ಒಂದು ಚಿತ್ರಪಟ, ಒಂದು ನಗರ

ಕಲೆಯು ಸಮಾಜದ ಕನ್ನಡಿಯೆಂಬ ಮಾತನ್ನು ನಾವು ಪಾಠಗಳಲ್ಲಿಯೂ ಭಾಷಣಗಳಲ್ಲಿಯೂ ಮೇಲಿಂದ ಮೇಲೆ ಕೇಳುತ್ತೇವೆ. ಆ ಕನ್ನಡಿಯು ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದನ್ನು ಯುರೋಪಿನ ಪುನರುಜ್ಜೀವನ ಕಾಲದ ಒಂದೇ ಒಂದು ಚಿತ್ರದ ಮೂಲಕ ಪರಿಶೀಲಿಸೋಣ.

15ನೆಯ ಶತಮಾನದಲ್ಲಿ ಇಟಲಿಯ ಫ್ಲಾರೆನ್ಸ್ ನಗರವು ಉಣ್ಣೆ, ರೇಷ್ಮೆ, ಲೇವಾದೇವಿಗಳಿಂದ ಸಿರಿವಂತವಾಗಿದ್ದಿತು. ಅಲ್ಲಿಯ ರೇಷ್ಮೆ ವರ್ತಕರ ಸಂಘವು, ಹೆತ್ತವರು ತೊರೆದ ಕೂಸುಗಳಿಗಾಗಿ ಒಂದು ಅನಾಥಾಲಯವನ್ನು ಕಟ್ಟಿಸಿತು. ಬ್ರುನೆಲೆಸ್ಕಿಯೆಂಬ ಪ್ರಸಿದ್ಧ ವಾಸ್ತುಶಿಲ್ಪಿಯ ಯೋಜನೆಯಂತೆ 1419ರಲ್ಲಿ ಕೆಲಸ ಮೊದಲಾಗಿ, 1445ರಲ್ಲಿ ಮೊದಲನೆಯ ಕೂಸು ಅಲ್ಲಿ ಆಶ್ರಯ ಪಡೆಯಿತು. ಮುಗ್ಧರು ಎಂಬರ್ಥದ ‘ಇನ್ನೊಚೆಂಟಿ’ ಎಂಬುದೇ ಅದರ ಹೆಸರು.

1485ರಲ್ಲಿ ಈ ಸಂಸ್ಥೆಯ ಮುಖ್ಯಸ್ಥನು ಅಲ್ಲಿಯ ಪೂಜಾಪೀಠಕ್ಕೆ ಚಿತ್ರವೊಂದನ್ನು ಬರೆಯುವ ಕೆಲಸವನ್ನು ದೊಮೆನಿಕೊ ಗಿರ್ಲಾಂದಾಯೊ ಎಂಬ ಕಲಾವಿದನಿಗೆ ಒಪ್ಪಿಸಿದನು. ಆಗ ಆದ ಕರಾರುಪತ್ರವು ಇಂದಿಗೂ ಉಳಿದಿದೆ. ಅದರಲ್ಲಿ ಭಕ್ತಿಗಿಂತ ವ್ಯಾಪಾರದ ಲೆಕ್ಕವೇ ಹೆಚ್ಚಾಗಿ ಕಾಣುತ್ತದೆ. ಒಟ್ಟು ಬೆಲೆ 115 ಫ್ಲಾರಿನ್. ಅವಧಿ 30 ತಿಂಗಳು. ಚಿತ್ರವೆಲ್ಲವೂ ಕಲಾವಿದನ ಸ್ವಹಸ್ತದಿಂದಲೇ ಆಗಬೇಕು. ನೀಲಿ ಬಣ್ಣವು ಔನ್ಸಿಗೆ ಸುಮಾರು 4 ಫ್ಲಾರಿನ್ ಬೆಲೆಯದಾಗಿರಬೇಕು. ಫ್ಲಾರಿನ್ ಎಂದರೆ ಸುಮಾರು ಮೂರೂವರೆ ಗ್ರಾಂ ತೂಕದ ಚಿನ್ನದ ನಾಣ್ಯ. ಹಾಗಾದರೆ ಆ ನೀಲಿಯು ತನ್ನ ತೂಕದ ಅರ್ಧದಷ್ಟು ಚಿನ್ನಕ್ಕೆ ಸಮವಾಯಿತು! ದೂರದ ಆಫ್ಘಾನಿಸ್ತಾನದ ಗಣಿಗಳಿಂದ ಬಂದ ಕಲ್ಲನ್ನು ಅರೆದು ತೆಗೆದ ಬಣ್ಣವದು. ಮಾತೆ ಮೇರಿಯ ಮೇಲುಹೊದಿಕೆಗೆ ಇಂಥ ನೀಲಿಯನ್ನು ಬಳಸುವುದು ಭಕ್ತಿಯ ಸಂಕೇತವೂ ಆಗಿದ್ದಿತು, ಸಂಪತ್ತಿನ ಪ್ರದರ್ಶನವೂ ಆಗಿದ್ದಿತು.

ಚಿತ್ರದ ವಸ್ತುವು ಶಿಶು ಯೇಸುವಿಗೆ ಪೂರ್ವದೇಶದ ಜ್ಞಾನಿಗಳು ಕಾಣಿಕೆ ಅರ್ಪಿಸುವ ಪ್ರಸಂಗ. ಆದರೆ ಬೆತ್ಲೆಹೇಮಿನ ಆ ನೋಟದಲ್ಲಿ ಫ್ಲಾರೆನ್ಸಿನವರೂ ನಿಂತಿದ್ದಾರೆ. ಅವರಲ್ಲಿ ಚಿತ್ರಕಾರನನ್ನೂ ಅನಾಥಾಲಯದ ಮುಖ್ಯಸ್ಥನನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಪುಣ್ಯಕಥೆಯೊಳಗೆ ತಮ್ಮ ಮುಖವನ್ನೂ ಕಾಣಬಯಸಿದ ಕಾಲವದು. ವ್ಯಕ್ತಿಗೆ ಬಂದ ಹೊಸ ಮಹತ್ತ್ವಕ್ಕೆ ಇದೇ ಸಾಕ್ಷಿ.

ಹಿನ್ನೆಲೆಯಲ್ಲಿ ಹೆರೋದ ರಾಜನ ಭಟರು ಕೂಸುಗಳನ್ನು ಕೊಲ್ಲುತ್ತಿದ್ದಾರೆ. ನಮಗೆ ಕಂಸನ ಕಥೆಯನ್ನು ನೆನಪಿಗೆ ತರುವ ಬೈಬಲಿನ ಪ್ರಸಂಗವಿದು. ಮುಂಭಾಗದಲ್ಲಿ ಬಿಳಿಯುಡುಗೆಯ ಇಬ್ಬರು ಎಳೆಯ ಮಕ್ಕಳು ಮೊಳಕಾಲೂರಿದ್ದಾರೆ. ಅವರ ಮೈಮೇಲೆ ಗಾಯಗಳಿವೆ. ಅವರು ಹೆರೋದನಿಂದ ಹತರಾದ ಕೂಸುಗಳೂ ಹೌದು, ಅನಾಥಾಲಯದ ಮಕ್ಕಳ ಪ್ರತಿನಿಧಿಗಳೂ ಹೌದು.

ಆದರೆ ಆ ಮಕ್ಕಳ ತಾಯಂದಿರು ಎಲ್ಲಿ? ಅವರಲ್ಲಿ ಅನೇಕರು ಸಿರಿವಂತರ ಮನೆಗಳಲ್ಲಿ ದುಡಿಯುತ್ತಿದ್ದ ಬಡ ಸೇವಕಿಯರು, ಹಣಕ್ಕೆ ಕೊಂಡುತಂದ ದಾಸಿಯರು. ಚಿತ್ರದಲ್ಲಿ ಅವರಿಗೆ ಎಡೆಯಿಲ್ಲ. ಒಂದೇ ನಗರವು ಮಕ್ಕಳನ್ನು ಅನಾಥರನ್ನಾಗಿಯೂ ಮಾಡಿತು, ಅವರಿಗೆ ಸುಂದರವಾದ ಆಶ್ರಯವನ್ನೂ ಕಟ್ಟಿಸಿತು.

ಆ ಚಿತ್ರವು ಇಂದಿಗೂ ಅದೇ ಕಟ್ಟಡದ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರವನ್ನು ನೋಡುವಾಗ ಅದರಲ್ಲಿರುವವರನ್ನು ಕಂಡು ಆನಂದಿಸೋಣ. ಅದರಲ್ಲಿ ಇಲ್ಲದವರನ್ನೂ ನೆನೆಯೋಣ. ಆಗಲೇ ಆ ಕನ್ನಡಿಯಲ್ಲಿ ಸಮಾಜವು ನಮಗೆ ಪೂರ್ಣವಾಗಿ ಕಾಣುವುದು.